ಸಿಕ್ಲೀನರ್ ಓಡಿಸುವ ಮೊದಲು ಯಾವ ಕುಕಿ ಉಳಿಸಬೇಕು?

ಗಂಗಾವತಿಯ ಒಂದು ರೈಸ್ ಮಿಲ್‌ನಲ್ಲಿ ಲೆಕ್ಕ ಬರೆಯುತ್ತೇನೆ, ಸಂಜೆ ಕಂಪ್ಯೂಟರ್ ಕ್ಲಾಸಿಗೆ ಹೋಗುತ್ತೇನೆ. ಹೋದ ವಾರ ಆಫೀಸಿನ ಕಂಪ್ಯೂಟರಿನಲ್ಲಿ ಸಿಕ್ಲೀನರ್ ಓಡಿಸಿದೆ. ಬೇಡದ ಫೈಲ್‌ಗಳನ್ನು ಅಳಿಸುವ ಪ್ರೋಗ್ರಾಂ ಅದು, ಜೊತೆಗೆ ಕುಕಿಗಳನ್ನೂ ಅಳಿಸುತ್ತದೆ. ಆಮೇಲೆ ಜಿಮೇಲ್ ತೆರೆದರೆ ಪಾಸ್‌ವರ್ಡ್ ಕೇಳಿತು, ಅದರ ಹಿಂದೆಯೇ ಒಟಿಪಿ. ಒಟಿಪಿ ಹೋಗುವ ಫೋನ್ ಸಾಹುಕಾರರ ಜೇಬಿನಲ್ಲಿ, ಅವರು ಸಿಂಧನೂರಿನಲ್ಲಿ. ಮಧ್ಯಾಹ್ನದವರೆಗೂ ಬಿಲ್ ಕಳಿಸಲು ಆಗಲಿಲ್ಲ, ಅಕ್ಕಿ ಲಾರಿ ಗೇಟಿನಲ್ಲೇ ನಿಂತಿತ್ತು. ಮರೆಯುವ ಮೊದಲು ಬರೆದಿಡುತ್ತಿದ್ದೇನೆ.

ಕುಕಿ ಅಂದರೆ ವೆಬ್‌ಸೈಟ್ ನಮ್ಮ ಬ್ರೌಸರಿನಲ್ಲಿ ಇಡುವ ಸಣ್ಣ ಗುರುತು, ನಮ್ಮ ಕಾಟಾ ಚೀಟಿ ಇದ್ದ ಹಾಗೆ. ಭತ್ತದ ಟ್ರ್ಯಾಕ್ಟರ್ ತೂಕ ಆದಮೇಲೆ ಚೀಟಿ ಕೊಡುತ್ತೇವೆ. ಒಳಗೆ ಹೋದಾಗ ಚೀಟಿ ತೋರಿಸಿದರೆ ಸಾಕು, ಯಾರ ಭತ್ತ ಅಂತ ಮತ್ತೆ ಕೇಳುವುದಿಲ್ಲ. ವೆಬ್‌ಸೈಟಿಗೂ ಒಂದು ಪುಟದಿಂದ ಇನ್ನೊಂದಕ್ಕೆ ಹೋಗುವಷ್ಟರಲ್ಲಿ ನಾವು ಯಾರು ಅನ್ನುವುದು ನೆನಪಿರುವುದಿಲ್ಲ. 1994ರಲ್ಲಿ ನೆಟ್‌ಸ್ಕೇಪ್ ಅನ್ನುವ ಬ್ರೌಸರ್ ಕಂಪನಿಯಲ್ಲಿದ್ದ ಲೂ ಮೊಂಟುಲಿ ಕುಕಿ ತಂದದ್ದು ಇದೇ ಕಾರಣಕ್ಕೆ.

ಸಿಕ್ಲೀನರ್‌ನಲ್ಲಿ ಆಪ್ಷನ್ಸ್, ಅದರೊಳಗೆ ಕುಕೀಸ್. ಎಡಗಡೆ ಕಂಪ್ಯೂಟರಿನಲ್ಲಿರುವ ಕುಕಿಗಳು, ಬಲಗಡೆ ಉಳಿಸಬೇಕಾದವು. ಬೇಕಾದ ಹೆಸರು ಆರಿಸಿ ನಡುವಿನ ಬಾಣ ಒತ್ತಿದರೆ ಬಲಕ್ಕೆ ಹೋಗುತ್ತದೆ.

ನಾನು ಎಡವಿದ್ದು ಇಲ್ಲಿ. ಬಲಗಡೆ ಮೇಲ್.ಗೂಗಲ್.ಕಾಮ್ ಹಾಕಿಯೇ ಇದ್ದೆ! ಆದರೂ ಲಾಗಿನ್ ಹೋಯಿತು. ಎರಡು ದಿನ ತಲೆ ಕೆಡಿಸಿಕೊಂಡ ಮೇಲೆ ಗೊತ್ತಾಯಿತು: ಚೀಟಿ ಕೊಡುವವರು ಬೇರೆ, ನೋಡುವವರು ಬೇರೆ. ಪಾಸ್‌ವರ್ಡ್ ಪರೀಕ್ಷೆ ಮಾಡುವುದು ಅಕೌಂಟ್ಸ್.ಗೂಗಲ್.ಕಾಮ್. 'ಇವರು ಇಂಥವರು' ಅನ್ನುವ ಮುಖ್ಯ ಚೀಟಿ ಇರುವುದು ಬರೀ ಗೂಗಲ್.ಕಾಮ್ ಹೆಸರಿನಲ್ಲಿ. ಮೇಲ್ ಆ ಚೀಟಿ ನೋಡಿ ಒಳಗೆ ಬಿಡುತ್ತದೆ ಅಷ್ಟೇ. ಅಂದರೆ ನಾನು ಗೋಡೌನಿನ ಚೀಟಿ ಉಳಿಸಿ ಕಾಟಾ ಚೀಟಿ ಹರಿದು ಹಾಕಿದ್ದೆ. ಹಾಗಾಗಿ ಮೂರೂ ಹೆಸರು ಬಲಕ್ಕೆ ಹೋಗಬೇಕು. ಯೂಟ್ಯೂಬ್ ಬೇಕಿದ್ದರೆ ಯೂಟ್ಯೂಬ್.ಕಾಮ್ ಬೇರೆಯಾಗಿ ಸೇರಿಸಿ. ನಿನ್ನೆ ಮೂರನ್ನೂ ಹಾಕಿ ಮತ್ತೆ ಕ್ಲೀನ್ ಮಾಡಿದೆ, ಜಿಮೇಲ್ ತೆರೆದ ಕೂಡಲೇ ಇನ್‌ಬಾಕ್ಸ್ ಬಂತು.

ಬೇರೆ ಸೈಟ್‌ಗಳಿಗೆ ನನ್ನ ಉಪಾಯ ಇದು. ಲಾಗಿನ್ ಆಗುವಾಗ ಬ್ರೌಸರಿನ ಮೇಲಿನ ಅಡ್ರೆಸ್ ಬಾರನ್ನೇ ನೋಡುತ್ತಿರಿ. ಯಾವ ಯಾವ ಹೆಸರು ಬಂದು ಹೋಗುತ್ತದೋ ಎಲ್ಲ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ. ಆಮೇಲೆ ಎಡಗಡೆ ಪಟ್ಟಿಯಲ್ಲಿ ಅವನ್ನು ಹುಡುಕಿ. ಮೊದಲು ಲಾಗಿನ್ ಆಗಿರಬೇಕು, ಇಲ್ಲದಿದ್ದರೆ ಪಟ್ಟಿಯಲ್ಲಿ ಆ ಹೆಸರೇ ಇರುವುದಿಲ್ಲ ಅಲ್ವಾ? ಎಡಗಡೆ ರೈಟ್ ಕ್ಲಿಕ್ ಮಾಡಿದರೆ ಇಂಟೆಲಿಜೆಂಟ್ ಸ್ಕ್ಯಾನ್ ಅಂತ ಇದೆ. ಜಾಸ್ತಿ ಜನ ಬಳಸುವ ಮೇಲ್ ಸೈಟ್‌ಗಳನ್ನು ಅದೇ ಹುಡುಕಿ ಬಲಕ್ಕೆ ಹಾಕುತ್ತದೆ. ಮಿಕ್ಕವನ್ನು ನಾವೇ ಸೇರಿಸಬೇಕು.

ಕ್ಲೀನ್ ಮಾಡುವಾಗ ಬ್ರೌಸರ್ ಪೂರ್ತಿ ಮುಚ್ಚಿರಲಿ. ಸೇವ್ಡ್ ಪಾಸ್‌ವರ್ಡ್ಸ್ ಅನ್ನುವ ಟಿಕ್ ತೆಗೆದಿಡಿ. ಕುಕಿ ಪಟ್ಟಿ ಪಾಸ್‌ವರ್ಡ್‌ಗಳನ್ನು ಕಾಯುವುದಿಲ್ಲ. ಉಳಿಸಿದ ಕುಕಿಗೂ ಆಯಸ್ಸಿದೆ, ಕ್ರೋಮ್‌ನಲ್ಲಿ ಹೆಚ್ಚೆಂದರೆ 400 ದಿನ.

ಬ್ಯಾಂಕಿನ ಹೆಸರು ಮಾತ್ರ ಬಲಗಡೆ ಹಾಕಬೇಡಿ. ಸುಮ್ನೆ ಕೂತರೆ ಸ್ವಲ್ಪ ಹೊತ್ತಿಗೆ ಬ್ಯಾಂಕೇ ಲಾಗೌಟ್ ಮಾಡುತ್ತದೆ, ಉಳಿಸಿ ಲಾಭವಿಲ್ಲ. ಚೀಟಿ ಯಾರ ಕೈಗೆ ಸಿಕ್ಕರೂ ಚೀಟಿಯೇ. ಅದಕ್ಕೇ ಕ್ಲಾಸಿನಲ್ಲಿ ಹತ್ತು ಜನ ಕೂರುವ ಕಂಪ್ಯೂಟರಿನಲ್ಲಿ ನಾನು ಬಲಗಡೆ ಒಂದು ಹೆಸರನ್ನೂ ಬಿಡುವುದಿಲ್ಲ.