ಮುಧೋಳವೋ, ರಾಜಪಾಳಯಂ ನಾಯಿಯೋ?

ನಮ್ಮ ದೇಶದ ತಳಿಯನ್ನೇ ಸಾಕಬೇಕು ಅನ್ನುವವರು ಈಗ ಜಾಸ್ತಿಯಾಗುತ್ತಿದ್ದಾರೆ. ತುಂಬಾ ಒಳ್ಳೆಯದು. ಅವರಲ್ಲಿ ಹಲವರು ಹುಡುಕಿ ಹುಡುಕಿ ಕೊನೆಗೆ ಎರಡು ಹೆಸರಿಗೆ ಬಂದು ನಿಲ್ಲುತ್ತಾರೆ. ಒಂದು ನಮ್ಮ ಬಾಗಲಕೋಟೆ ಜಿಲ್ಲೆಯ ಮುಧೋಳ ನಾಯಿ. ಇನ್ನೊಂದು ತಮಿಳುನಾಡಿನ ವಿರುಧುನಗರ ಜಿಲ್ಲೆಯ ರಾಜಪಾಳಯಂ. 2005ರಲ್ಲಿ ಅಂಚೆ ಇಲಾಖೆ ನಾಲ್ಕು ಭಾರತೀಯ ನಾಯಿಗಳ ಅಂಚೆಚೀಟಿ ಹೊರಡಿಸಿದಾಗ ಈ ಎರಡೂ ಅದರಲ್ಲಿದ್ದವು. ಫೋಟೊದಲ್ಲಿ ನೋಡಿದರೆ ಎರಡೂ ಎತ್ತರ, ಎರಡೂ ಚೆಂದ. ಆದರೆ ನೋಟ ನೋಡಿ ಆರಿಸುವ ವಿಷಯ ಇದಲ್ಲ. ಅವುಗಳ ದೇಹ ಹೇಗೆ ಕೆಲಸ ಮಾಡುತ್ತದೆ ಅನ್ನುವುದನ್ನು ಮೊದಲು ತಿಳಿದುಕೊಳ್ಳಬೇಕು.

ಮುಧೋಳ ನಾಯಿ ಕಣ್ಣಿನಿಂದ ಬೇಟೆಯಾಡುವ ಜಾತಿ. ನಮ್ಮ ಕಣ್ಣಿನಲ್ಲಿ ಅತಿ ಸ್ಪಷ್ಟವಾಗಿ ನೋಡುವ ಜಾಗ ಒಂದು ಚುಕ್ಕೆಯಷ್ಟು. ಉದ್ದ ಮೂತಿಯ ನಾಯಿಗಳಲ್ಲಿ ಕಣ್ಣಿನ ಹಿಂಪರದೆಯ ನರಕೋಶಗಳು ಅಡ್ಡಪಟ್ಟಿಯ ಹಾಗೆ ಸಾಲಾಗಿ ಒತ್ತೊತ್ತಾಗಿರುತ್ತವೆ. ಪಗ್‌ನಂಥ ಗಿಡ್ಡ ಮೂತಿಯವಕ್ಕೆ ಇವು ನಡುವೆ ಗುಂಪಾಗಿರುತ್ತವೆ. ಆ ಪಟ್ಟಿಯಿಂದಾಗಿ ಬಯಲಿನ ಈ ತುದಿಯಿಂದ ಆ ತುದಿಯವರೆಗೆ ಏನು ಅಲ್ಲಾಡಿದರೂ ಕಾಣುತ್ತದೆ. ಕಂಡ ಕೂಡಲೇ ಓಟ. ಆ ಓಟದಲ್ಲಿ ಬೆನ್ನು ಬಿಲ್ಲಿನ ಹಾಗೆ ಬಾಗಿ ಬಿಚ್ಚಿಕೊಳ್ಳುತ್ತದೆ. ನಾಲ್ಕೂ ಕಾಲು ಒಂದೊಂದು ಸಲ ಹೆಜ್ಜೆಯಿಟ್ಟು ಮುಗಿಸುವಷ್ಟರಲ್ಲಿ ಎರಡು ಸಲ ಅವೆಲ್ಲವೂ ಒಟ್ಟಿಗೆ ನೆಲ ಬಿಟ್ಟಿರುತ್ತವೆ.

ಹಾಗಾಗಿ ಪಕ್ಕದ ಮನೆಯವರು ಕೋಳಿ ಸಾಕಿದ್ದರೆ, ನಿಮ್ಮ ಮನೆಯಲ್ಲೇ ಬೆಕ್ಕು ಇದ್ದರೆ ಎರಡು ಸಲ ಯೋಚಿಸಿ. ಅಳಿಲು ಓಡಿದಾಗ ನೀವು ಎಷ್ಟು ಕೂಗಿದರೂ ಅದು ತಿರುಗಿ ನೋಡದೇ ಇರಬಹುದು. ಹಟ ಅಂದುಕೊಳ್ಳಬೇಡಿ. ತಲೆಮಾರುಗಳಿಂದ ಜನ ಅದನ್ನು ಇದಕ್ಕಾಗಿಯೇ ಆರಿಸಿ ಬೆಳೆಸಿದ್ದಾರೆ. ಬೀದಿಯಲ್ಲಿ ಬೆಲ್ಟ್ ಬಿಚ್ಚಲೇಬೇಡಿ. ಗೋಡೆ ಹಾಕಿದ ಜಾಗದಲ್ಲಿ ದಿನಾ ಮನಸಾರೆ ಓಡಲು ಬಿಡಿ. ಹಾಗೆ ಓಡಿ ಬಂದ ಮುಧೋಳ ಮನೆಯೊಳಗೆ ಸಾಮಾನ್ಯವಾಗಿ ಬಹಳ ಶಾಂತ.

ಆ ಶಾಂತ ನಾಯಿ ಎಲ್ಲಿ ಮಲಗುತ್ತದೆ, ಸ್ವಲ್ಪ ನೋಡಿ. ಚರ್ಮದಡಿ ಕೊಬ್ಬು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಬರೀ ಸಿಮೆಂಟು ನೆಲದ ಮೇಲೆ ಮಲಗಿದರೆ ಮುಂಗಾಲಿನ ಮೊಣಕೈ ಹತ್ತಿರ ಕೂದಲು ಉದುರಿ, ಚರ್ಮ ಕಪ್ಪಾಗಿ ಗಟ್ಟಿಯಾಗುತ್ತದೆ. ಕೆಲವಕ್ಕೆ ಅಲ್ಲೇ ನೀರು ತುಂಬಿ ಊದಿಕೊಳ್ಳುತ್ತದೆ. ಒಂದು ಹಳೆ ಹಾಸಿಗೆ ಹಾಕಿದರೆ ಸಾಕು. ಪಕ್ಕೆಲುಬು ಕಾಣುತ್ತಿದೆ, ಪಾಪ, ಊಟ ಹಾಕುತ್ತಿಲ್ಲ ಅಂತ ನೆಂಟರು ಹೇಳಿಯೇ ಹೇಳುತ್ತಾರೆ. ಕೊನೆಯ ಎರಡು ಮೂರು ಪಕ್ಕೆಲುಬು ಕಾಣುವುದು ಈ ತಳಿಗೆ ಸಹಜ. ದಪ್ಪ ಮಾಡಲು ಹೋಗಬೇಡಿ.

ಆಪರೇಷನ್ ಏನಾದರೂ ಇದ್ದರೆ ಡಾಕ್ಟರಿಗೆ ತಳಿ ಯಾವುದು ಅಂತ ಮೊದಲೇ ಹೇಳಿ. ಇದೇ ಬಗೆಯ ಮೈಕಟ್ಟಿನ ಗ್ರೇಹೌಂಡ್‌ಗಳು ಥಯೋಪೆಂಟಾಲ್ ಅನ್ನುವ ಅರಿವಳಿಕೆ ಕೊಟ್ಟರೆ ಏಳಲು ತುಂಬಾ ಹೊತ್ತು ತೆಗೆದುಕೊಳ್ಳುತ್ತವೆ. ಔಷಧಿಯನ್ನು ಹೀರಿಕೊಳ್ಳಲು ಅವಕ್ಕೆ ಕೊಬ್ಬಿಲ್ಲ, ಅದನ್ನು ಒಡೆಯುವ ಲಿವರಿನ ಕೆಲಸವೂ ನಿಧಾನ.

ಇನ್ನು ರಾಜಪಾಳಯಂ. ಇದೂ ಬೇಟೆ ನಾಯಿಯೇ. ಆದರೆ ಮೂಳೆ ದಪ್ಪ, ಎದೆ ಅಗಲ. ಕಾಡುಹಂದಿ ಬೇಟೆಗೆ, ಮನೆ ಹೊಲಗಳ ಕಾವಲಿಗೆ ಬೆಳೆಸಿದ್ದು. ಮೈಯೆಲ್ಲ ಹಾಲಿನಂಥ ಬಿಳಿ, ಮೂಗು ಗುಲಾಬಿ. ಜನ ಮರುಳಾಗುವುದೇ ಆ ಬಿಳುಪಿಗೆ. ನನಗೆ ಚಿಂತೆಯಿರುವುದೂ ಅಲ್ಲೇ.

ಚರ್ಮಕ್ಕೆ ಬಣ್ಣ ಕೊಡುವ ಜೀವಕೋಶಗಳು ಒಳಕಿವಿಯಲ್ಲೂ ಇರಬೇಕು. ಕಿವಿಯ ಸುರುಳಿಯೊಳಗಿನ ದ್ರವದಲ್ಲಿ ಪೊಟ್ಯಾಸಿಯಂ ಸರಿಯಾದ ಮಟ್ಟದಲ್ಲಿ ಇರಲು ಅವು ಬೇಕು. ಬಿಳಿ ಮೈಯ ಕೆಲವು ಮರಿಗಳಲ್ಲಿ ಅವು ಅಲ್ಲಿಗೆ ತಲುಪಿರುವುದಿಲ್ಲ. ಆಗ ಹುಟ್ಟಿದ ಕೆಲವೇ ವಾರಗಳಲ್ಲಿ ಶಬ್ದ ಹಿಡಿಯುವ ಕೋಶಗಳು ಸತ್ತುಹೋಗುತ್ತವೆ, ಮತ್ತೆ ಹುಟ್ಟುವುದಿಲ್ಲ. ಡಾಲ್ಮೇಶಿಯನ್ ನಾಯಿಗಳಲ್ಲಿ ಕಿವುಡು ಜಾಸ್ತಿ ಇರುವುದಕ್ಕೂ ಇದೇ ಕಾರಣ.

ಮರಿ ತರುವ ಮುನ್ನ ಹೀಗೆ ಮಾಡಿ. ಅದು ಗಾಢವಾಗಿ ಮಲಗಿರುವಾಗ ಹಿಂದಿನಿಂದ ಹೋಗಿ. ನೆಲ ಅದುರಬಾರದು, ಗಾಳಿ ತಾಗಬಾರದು. ಬೀಗದ ಕೈ ಗೊಂಚಲನ್ನು ಒಮ್ಮೆ ಅಲ್ಲಾಡಿಸಿ. ಕಿವಿ ನಿಮಿರಬೇಕು, ತಲೆ ಸದ್ದು ಬಂದ ಕಡೆಗೇ ತಿರುಗಬೇಕು. ಎಚ್ಚರವಾಗಿದ್ದಾಗ ಮಾಡಿದರೆ ಉಪಯೋಗವಿಲ್ಲ, ಅದು ಅಣ್ಣತಮ್ಮಂದಿರನ್ನು ನೋಡಿ ತಾನೂ ತಿರುಗಿಬಿಡುತ್ತದೆ. ಒಂದೇ ಕಿವಿ ಕೇಳುವ ಮರಿ ಎದ್ದೇಳಬಹುದು, ಆದರೆ ಸದ್ದು ಎಲ್ಲಿಂದ ಬಂತು ಅಂತ ತಡಕಾಡುತ್ತದೆ. ಪಕ್ಕಾ ತಿಳಿಯಬೇಕೆಂದರೆ ಮಿದುಳಿನ ವಿದ್ಯುತ್ ಅಲೆ ಅಳೆಯುವ ಪರೀಕ್ಷೆಯೇ ಆಗಬೇಕು. ಕಿವುಡು ಮರಿಯನ್ನು ಕೈಸನ್ನೆಯಿಂದ ಚೆನ್ನಾಗಿ ಸಾಕಬಹುದು. ಗೊತ್ತಿದ್ದು ಸಾಕಬೇಕು, ಅಷ್ಟೇ.

ಸ್ವಭಾವದ ಮಾತು ಬಂದರೆ ಎಲ್ಲರೂ ತಳಿಯ ಮೇಲೆ ಆಣೆ ಇಟ್ಟು ಹೇಳುತ್ತಾರೆ. ರಾಜಪಾಳಯಂ ಒಬ್ಬನೇ ಯಜಮಾನನ ನಾಯಿ, ಮುಧೋಳ ಅಪರಿಚಿತರ ಕೈ ಮುಟ್ಟಿಸಿಕೊಳ್ಳುವುದಿಲ್ಲ ಅಂತೆಲ್ಲ. ಇದರಲ್ಲಿ ಅನುಭವದ ಸತ್ಯ ಇದೆ. ಆದರೆ 2022ರಲ್ಲಿ ಅಮೆರಿಕದ ಸಂಶೋಧಕರು 18,000ಕ್ಕೂ ಹೆಚ್ಚು ನಾಯಿಗಳ ಮಾಹಿತಿ ಸೇರಿಸಿ ನೋಡಿದರು. ನಾಯಿ ನಾಯಿಗೂ ಇರುವ ಸ್ವಭಾವದ ವ್ಯತ್ಯಾಸದಲ್ಲಿ ಸುಮಾರು 9 ಪರ್ಸೆಂಟ್ ಮಾತ್ರ ತಳಿಯಿಂದ ಬಂದಿತ್ತು. ಎಷ್ಟು ಬೇಗ ಸಿಟ್ಟಾಗುತ್ತದೆ ಅನ್ನುವುದನ್ನಂತೂ ತಳಿ ನೋಡಿ ಹೇಳಲು ಹೆಚ್ಚುಕಡಿಮೆ ಆಗಲೇ ಇಲ್ಲ. ನನ್ನ ಲೆಕ್ಕದಲ್ಲಿ ತಳಿಯ ಹೆಸರು ದೇಹದ ಭರವಸೆ ಕೊಡುತ್ತದೆ. ಗುಣ ತಿಳಿಯಬೇಕಾದರೆ ಆ ಮರಿಯನ್ನೂ ಅದರ ತಾಯಿಯನ್ನೂ ಕಣ್ಣಾರೆ ನೋಡಬೇಕು. ತಾಯಿಯನ್ನು ತೋರಿಸದವರ ಹತ್ತಿರ ಮರಿ ತರಬೇಡಿ.

ಹಾಗಾದರೆ ಯಾವುದು? ತೋಟದ ಮನೆ, ಬಂದು ಹೋಗುವವರು ಕಡಿಮೆ, ದಿನವಿಡೀ ಮನೆಯಲ್ಲಿ ಒಬ್ಬರಾದರೂ ಇರುತ್ತಾರೆ ಅನ್ನುವವರಿಗೆ ರಾಜಪಾಳಯಂ ಹೊಂದುತ್ತದೆ. ಮನೆಯಲ್ಲಿ ಟ್ಯೂಷನ್ ನಡೆಯುತ್ತಿದ್ದರೆ, ಗೇಟು ದಿನಾ ಹತ್ತು ಸಲ ತೆಗೆಯುವಂತಿದ್ದರೆ ಆ ಕಾವಲುಗಾರನಿಗೂ ಹಿಂಸೆ, ನಿಮಗೂ ಹಿಂಸೆ. ಊರಿನಲ್ಲಿ ಆರಡಿ ಎತ್ತರದ ಕಾಂಪೌಂಡ್ ಇದೆ, ಬೆಳಗ್ಗೆ ಓಡಿಸಲು ಜಾಗ, ಸಮಯ ಎರಡೂ ಇದೆ ಅಂದರೆ ಮುಧೋಳ. ಮೂರನೇ ಮಹಡಿಯ ಬಾಡಿಗೆ ಮನೆಯಲ್ಲಿ, ಓಡಿಸಲು ಬಿಡುವು ಭಾನುವಾರ ಮಾತ್ರ ಅನ್ನುವವರು ಎರಡನ್ನೂ ಬಿಟ್ಟು ಬೀದಿಯ ಒಂದು ಮರಿ ತನ್ನಿ ಅನ್ನುತ್ತೇನೆ. ಅದಕ್ಕೂ ದಿನಾ ವಾಕಿಂಗ್ ಬೇಕು, ಆದರೆ ಇಷ್ಟು ಓಟ ಬೇಡ.

ಮುಧೋಳ ಬೇಕಾದವರಿಗೆ ಮುಧೋಳದ ಹತ್ತಿರ ತಿಮ್ಮಾಪುರದಲ್ಲಿ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಕೇಂದ್ರ ಇದೆ. ಎಲ್ಲಿಂದ ತಂದರೂ ಎಂಟು ವಾರ ತುಂಬದ ಮರಿಯನ್ನು ಮಾರುವಂತಿಲ್ಲ, 2017ರ ನಿಯಮ ಹಾಗಿದೆ. ಮರಿ ಹೊಸದನ್ನು ಹೆದರದೆ ಒಪ್ಪಿಕೊಳ್ಳುವ ಕಾಲ ಸುಮಾರು ಮೂರನೇ ವಾರಕ್ಕೆ ಶುರುವಾಗಿ ಹನ್ನೆರಡು ಹದಿನಾಲ್ಕನೇ ವಾರಕ್ಕೆ ಮುಗಿಯುತ್ತಾ ಬರುತ್ತದೆ. ಅಂದರೆ ನಿಮ್ಮ ಕೈಗೆ ಸಿಗುವುದು ಹೆಚ್ಚೆಂದರೆ ಒಂದೂವರೆ ತಿಂಗಳು ಮಾತ್ರ. ಲಸಿಕೆ ಪೂರ್ತಿಯಾಗುವವರೆಗೆ ನೆಲಕ್ಕೆ ಬಿಡದೆ ಎತ್ತಿಕೊಂಡೇ ಓಡಾಡಿ. ಹೆಲ್ಮೆಟ್ ಹಾಕಿದವರು, ಕೋಲು ಹಿಡಿದ ಅಜ್ಜ, ಕಿರುಚಾಡುವ ಮಕ್ಕಳು, ಆಟೊ, ಕುಕ್ಕರಿನ ಸೀಟಿ, ದೀಪಾವಳಿಗೆ ಮೊದಲೇ ದೂರದ ಒಂದೆರಡು ಪಟಾಕಿ ಸದ್ದು, ಎಲ್ಲವೂ ಅಷ್ಟರೊಳಗೆ ಪರಿಚಯ ಆಗಿರಲಿ.