ಎತ್ತು ತಿರುಗಿದಂತೆ ಅಕ್ಷರ

ಹೊಲ ಉಳುವವರು ಬದುವಿನ ತನಕ ಒಂದು ಸಾಲು ಹೊಡೆದು, ಮತ್ತೆ ಮೊದಲಿನ ತುದಿಗೆ ಸುಮ್ಮನೆ ನಡೆದು ಬರುವುದಿಲ್ಲ. ಅಲ್ಲೇ ಎತ್ತು ತಿರುಗಿಸಿ ಪಕ್ಕದ ಸಾಲು ಹಿಡಿಯುತ್ತಾರೆ. ಬರೆಯುವ ನಾವು ಮಾತ್ರ ಪ್ರತಿ ಸಾಲು ಮುಗಿದಾಗಲೂ ಕೈಯೆತ್ತಿಕೊಂಡು ಎಡಕ್ಕೆ ಓಡಿಬರುತ್ತೇವೆ.

ಹಳೆಯ ಗ್ರೀಕರಲ್ಲಿ ಅನೇಕರು ಹಾಗೆ ಓಡುತ್ತಿರಲಿಲ್ಲ. ಒಂದು ಸಾಲು ಬಲದಿಂದ ಎಡಕ್ಕೆ, ಮುಂದಿನದು ಎಡದಿಂದ ಬಲಕ್ಕೆ. ಈ ಬರವಣಿಗೆಗೆ ಇಂಗ್ಲಿಷ್ ನಿಘಂಟಿನ ಮೂಲೆಯಲ್ಲೊಂದು ಹೆಸರಿದೆ: ಬೂಸ್ಟ್ರೊಫೀಡನ್. ಗ್ರೀಕಿನ ‘ಬೂಸ್’ ಎಂದರೆ ದನ, ಎತ್ತು. ಸಂಸ್ಕೃತದ ‘ಗೋ’ಗೆ ದಾಯಾದಿ. ‘ಸ್ಟ್ರೆಫೈನ್’ ಎಂದರೆ ತಿರುಗಿಸುವುದು. ಮಹಾವಿಪತ್ತು ಎಂಬರ್ಥದ ಇಂಗ್ಲಿಷಿನ ‘ಕೆಟಾಸ್ಟ್ರಫಿ’ಯಲ್ಲಿ ಅಡಗಿರುವುದೂ ಇದೇ. ಕೊನೆಯ ‘ಡೊನ್’ ನಮ್ಮ ‘ಅಂತೆ’ಯ ಕೆಲಸ ಮಾಡುತ್ತದೆ. ಕೂಡಿಸಿದರೆ, ‘ಎತ್ತು ತಿರುಗಿದಂತೆ’. ಉಳುವುದಕ್ಕೂ ಬರೆಯುವುದಕ್ಕೂ ‘ಸಾಲು’ ಎಂಬ ಒಂದೇ ಮಾತಿರುವ ಕನ್ನಡಕ್ಕೆ ಇದನ್ನು ಬಿಡಿಸಿ ಹೇಳಬೇಕಾಗಿಯೇ ಇಲ್ಲ.

ಕ್ರಿ.ಶ. 2ನೇ ಶತಮಾನದ ಪ್ರವಾಸಿ ಪೌಸೇನಿಯಸ್ ಒಲಿಂಪಿಯಾದಲ್ಲಿ ಹಳೆಯದೊಂದು ದೇವದಾರು ಪೆಟ್ಟಿಗೆಯ ಮೇಲೆ ಇಂಥ ಬರಹ ಕಂಡ. ಆ ವೇಳೆಗೆ ಓದುಗರಿಗೆ ಇದು ಮರೆತುಹೋಗಿತ್ತೇನೋ, ವಿವರಿಸಲು ಹೊರಟ. ತಮಾಷೆಯೆಂದರೆ, ಶಬ್ದದಲ್ಲೇ ಎತ್ತು ನಿಂತಿದ್ದರೂ ಅವನು ಕೊಟ್ಟ ಹೋಲಿಕೆ ಓಟದ ಪಂದ್ಯದ್ದು: ಕೊನೆ ಮುಟ್ಟಿ ಹಿಂದಿರುಗುವ ಇಮ್ಮಡಿ ಓಟ.

ಗ್ರೀಕರಿಗೆ ಅಕ್ಷರ ಕೊಟ್ಟ, ಈಗಿನ ಲೆಬನಾನ್ ಕರಾವಳಿಯ ಫಿನೀಷಿಯನ್ನರು ಬಲದಿಂದ ಎಡಕ್ಕೆ ಬರೆಯುತ್ತಿದ್ದರು. ಗ್ರೀಕರು ನಿಧಾನವಾಗಿ ಎಡದಿಂದ ಬಲಕ್ಕೆ ಹೊರಳಿದರು. ಆ ನಡುಗಾಲದಲ್ಲಿ ಎತ್ತಿನ ನಡೆ ಹೆಚ್ಚು ಕಾಣುತ್ತದೆ. ಸಾಲು ತಿರುಗಿದಾಗ ಅಕ್ಷರಗಳೂ ಕನ್ನಡಿಯಲ್ಲಿ ಕಂಡಂತೆ ಮುಖ ತಿರುಗಿಸುತ್ತವೆ. ಕ್ರೀಟ್ ದ್ವೀಪದ ಗಾರ್ಟಿನ್‌ನಲ್ಲಿ ಕ್ರಿ.ಪೂ. 5ನೇ ಶತಮಾನದ ಕಾನೂನು ಹೀಗೆಯೇ ಕಲ್ಲುಗೋಡೆಯ ಮೇಲಿದೆ: 12 ಅಂಕಣ, 600ಕ್ಕೂ ಹೆಚ್ಚು ಪಂಕ್ತಿ. ಮದುವೆ, ದತ್ತು, ಆಸ್ತಿ ಪಾಲಿನ ನಿಯಮಗಳೆಲ್ಲ ಎತ್ತಿನ ಜೊತೆ ಹೊರಳುತ್ತವೆ. ಅದರ ಬಹುಭಾಗ ಬೆಳಕಿಗೆ ಬಂದದ್ದು 1884ರಲ್ಲಿ.

ಇಷ್ಟು ದೂರ ಹೋಗಬೇಕಾಗಿಲ್ಲ. ಆಂಧ್ರದ ಕರ್ನೂಲು ಜಿಲ್ಲೆಯ ಎರ್ರಗುಡಿಯಲ್ಲಿರುವ ಅಶೋಕನ ಕಿರುಶಾಸನದ ಒಂದು ಭಾಗದಲ್ಲಿ, ಸಾಮಾನ್ಯವಾಗಿ ಎಡದಿಂದ ಬಲಕ್ಕೆ ಸಾಗುವ ಬ್ರಾಹ್ಮಿ ಲಿಪಿಯ ಸಾಲುಗಳು ಹೀಗೇ ಹಿಂದೆ ಮುಂದೆ ಓಡುತ್ತವೆ. ಯಾಕೆಂದು ಕೆತ್ತಿದವನು ಹೇಳಿಲ್ಲ. ನನಗಂತೂ ನೆನಪಾಗುವುದು ನಮ್ಮ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿ. ಅಲ್ಲಿನ ಅಶೋಕ ಶಾಸನದ ಲಿಪಿಕಾರ ಚಪಡ ಇಡೀ ಪಾಠವನ್ನು ಬ್ರಾಹ್ಮಿಯಲ್ಲಿ ಬರೆದು, ‘ಲಿಪಿಕರೇಣ’ (ಲಿಪಿಕಾರನಿಂದ) ಎಂಬ ಒಂದು ಮಾತನ್ನು ಮಾತ್ರ ಬಲದಿಂದ ಎಡಕ್ಕೆ ಸಾಗುವ ಖರೋಷ್ಠಿ ಲಿಪಿಯಲ್ಲಿ ಕೆತ್ತಿದ್ದಾನೆ.