ಆಪರೇಷನ್‌ಗೆ ಮುಂಚೆ ರೋಗಿಗೆ ಏನು ಕಲಿಸಬೇಕು, ಹೇಗೆ ಕಲಿಸಬೇಕು

ಪ್ರಿ-ಆಪ್ ಟೀಚಿಂಗ್‌ನಲ್ಲಿ, ಅಂದರೆ ಆಪರೇಷನ್‌ಗೆ ಮುಂಚೆ ನರ್ಸ್ ರೋಗಿಗೆ ಹೇಳಿಕೊಡುವುದರಲ್ಲಿ, ಪಟ್ಟಿ ಬಾಯಿಪಾಠ ಮಾಡುವುದು ಸುಲಭ. ಒಡವೆ, ಕಟ್ಟಿಸಿದ ಹಲ್ಲು, ಕಾಂಟ್ಯಾಕ್ಟ್ ಲೆನ್ಸ್ ತೆಗೆಸಬೇಕು. ಉಗುರಿನ ಬಣ್ಣ ಅಳಿಸಬೇಕು, ಇಲ್ಲದಿದ್ದರೆ ಬೆರಳಿಗೆ ಹಾಕಿ ರಕ್ತದ ಆಮ್ಲಜನಕ ಅಳೆಯುವ ಪಲ್ಸ್ ಆಕ್ಸಿಮೀಟರ್ ತಪ್ಪು ತೋರಿಸಬಹುದು. ಕನ್ಸೆಂಟ್‌ನಲ್ಲಿ (ರೋಗಿಯ ಒಪ್ಪಿಗೆ ಪಡೆಯುವಾಗ) ಆಪರೇಷನ್ನಿನ ಅಪಾಯ ವಿವರಿಸುವುದು ಸರ್ಜನ್ ಕೆಲಸ. ರೋಗಿಗೆ ಅನುಮಾನ ಉಳಿದಿದ್ದರೆ ಸಹಿ ಹಾಕಿಸದೆ ಸರ್ಜನ್‌ಗೆ ತಿಳಿಸಬೇಕು.

ಖಾಲಿ ಹೊಟ್ಟೆಯ ಲೆಕ್ಕ, ಅಂದರೆ ಅರಿವಳಿಕೆಗೆ ಎಷ್ಟು ಮುಂಚೆ ನಿಲ್ಲಿಸಬೇಕು: ಜಿಡ್ಡಿನ ಊಟಕ್ಕೆ 8 ಗಂಟೆ, ಲಘು ತಿಂಡಿಗೆ 6 ಗಂಟೆ, ನೀರಿಗೆ 2 ಗಂಟೆ. ಹಾಲು ಹಾಕಿದ ಚಹಾ ನೀರಿನ ಲೆಕ್ಕಕ್ಕೆ ಬರುವುದಿಲ್ಲ, ಅದಕ್ಕೂ 6 ಗಂಟೆ. ಇದು ಸಾಮಾನ್ಯ ನಿಯಮ. ಅನಸ್ತೇಶಿಯಾ ವೈದ್ಯರು ಬೇರೆ ಹೇಳಿದ್ದರೆ ಅದೇ ಅಂತಿಮ. ರೋಗಿಗೆ 'ಎರಡು ಗಂಟೆ ಮುಂಚೆ' ಅನ್ನುವ ಬದಲು 'ಬೆಳಿಗ್ಗೆ 7ರ ಮೇಲೆ ನೀರೂ ಬೇಡ' ಅಂತ ಗಡಿಯಾರದ ಸಮಯವನ್ನೇ ಹೇಳಿ. ಕಾರಣವನ್ನೂ ಹೇಳಿ: ಅರಿವಳಿಕೆಯಲ್ಲಿ ಹೊಟ್ಟೆಯಲ್ಲಿರುವುದು ಮೇಲೆ ಬಂದು ಶ್ವಾಸಕೋಶಕ್ಕೆ ಇಳಿಯಬಹುದು. ಕಾರಣ ಗೊತ್ತಿದ್ದವರು ಕದ್ದು ಒಂದು ಗುಟುಕು ಕುಡಿಯುವುದಿಲ್ಲ.

ಈಗ ನನ್ನನ್ನು ಜಾಸ್ತಿ ಗೊಂದಲಕ್ಕೆ ಹಾಕಿದ್ದು: ಇನ್ಸೆಂಟಿವ್ ಸ್ಪೈರೋಮೀಟರ್, ಆಳವಾಗಿ ಉಸಿರೆಳೆಯುವ ಅಭ್ಯಾಸಕ್ಕೆ ಕೊಡುವ ಆ ಮೂರು ಚೆಂಡಿನ ಡಬ್ಬಿ. ಕೈಗೆ ಕೊಟ್ಟ ಕೂಡಲೇ ಯಾರಿಗಾದರೂ ಊದಬೇಕು ಅನ್ನಿಸುತ್ತದೆ. ಊದಿದರೆ ಚೆಂಡು ಮೇಲೇಳುವುದಿಲ್ಲ, ಎಳೆಯಬೇಕು. ಯಾಕೆ? ಅರಿವಳಿಕೆ ಮತ್ತು ಗಾಯದ ನೋವಿನಿಂದ ರೋಗಿ ಮೇಲೆ ಮೇಲೆ ಮಾತ್ರ ಉಸಿರಾಡುತ್ತಾರೆ. ಶ್ವಾಸಕೋಶದ ತಳದ ಗಾಳಿಚೀಲಗಳು ಮುಚ್ಚಿಕೊಳ್ಳುತ್ತವೆ, ಇದೇ ಅಟೆಲೆಕ್ಟಾಸಿಸ್. ಅಲ್ಲಿ ಕಫ ನಿಂತರೆ ನ್ಯುಮೋನಿಯಾ ಆಗಬಹುದು. ಮುಚ್ಚಿದ ಚೀಲ ತೆರೆಯುವುದು ಗಾಳಿ ಒಳಗೆ ಹೋದಾಗಲೇ ಅಲ್ವಾ? ಇಷ್ಟು ಹಿಡಿದುಕೊಂಡರೆ ಊದಬೇಕೋ ಎಳೆಯಬೇಕೋ ಅನ್ನುವ ಗೊಂದಲ ಮತ್ತೆ ಬರುವುದಿಲ್ಲ.

ಕಲಿಸುವ ಕ್ರಮ ಹೀಗೆ. ನೆಟ್ಟಗೆ ಕೂರಿಸಿ. ಮೊದಲು ಉಸಿರು ಬಿಡಲಿ. ತುಟಿಯನ್ನು ಬಿಗಿಯಾಗಿ ಮುಚ್ಚಿ, ಸ್ಟ್ರಾದಲ್ಲಿ ಎಳೆದ ಹಾಗೆ ನಿಧಾನವಾಗಿ ಎಳೆಯಲಿ. 3ರಿಂದ 5 ಸೆಕೆಂಡ್ ಉಸಿರು ಹಿಡಿದು, ಬಾಯಿಂದ ನಳಿಕೆ ತೆಗೆದು, ಮೆಲ್ಲಗೆ ಬಿಡಲಿ. ಎಚ್ಚರ ಇರುವಾಗ ಗಂಟೆಗೆ 10 ಸಲ. ತಲೆ ತಿರುಗಿದರೆ ನಡುವೆ ಸುಧಾರಿಸಿಕೊಳ್ಳಲಿ. ಆಪರೇಷನ್ ಆದ ಮೇಲೆ ಹೊಟ್ಟೆಯ ಗಾಯದ ಮೇಲೆ ದಿಂಬು ಒತ್ತಿಕೊಂಡು ಕೆಮ್ಮಬೇಕು, ಅದನ್ನೂ ಮುಂಚೆಯೇ ಅಭ್ಯಾಸ ಮಾಡಿಸಿ. ಇದೆಲ್ಲ ಪ್ರಿ-ಮೆಡಿಕೇಶನ್ (ಆಪರೇಷನ್‌ಗೆ ಮುಂಚಿನ ಮಂಪರಿನ ಔಷಧಿ) ಕೊಡುವ ಮುಂಚೆಯೇ ಮುಗಿಯಬೇಕು. ಮಂಪರಿನಲ್ಲಿ ಹೇಳಿದ್ದು ನೆನಪಿರುವುದಿಲ್ಲ, ನೋವಿನಲ್ಲಿ ಹೊಸದು ಕಲಿಯಲು ಆಗುವುದಿಲ್ಲ.

'ಅರ್ಥ ಆಯ್ತಾ?' ಅಂತ ಕೇಳಬೇಡಿ. ಎಲ್ಲರೂ ಸುಮ್ನೆ ತಲೆ ಆಡಿಸುತ್ತಾರೆ. 'ನಾನು ಸರಿಯಾಗಿ ಹೇಳಿಕೊಟ್ಟೆನಾ ಅಂತ ನೋಡಬೇಕು ಅಮ್ಮಾ, ನಾಳೆ ಎದ್ದ ಮೇಲೆ ಹೇಗೆ ಮಾಡ್ತೀರಿ, ಒಂದ್ಸಲ ತೋರಿಸಿ' ಅನ್ನಿ. ಇದೇ ಟೀಚ್-ಬ್ಯಾಕ್. ಊದಿಬಿಟ್ಟರೆ ಬೈಯಬೇಡಿ, ಬೇರೆ ಮಾತಿನಲ್ಲಿ ಮತ್ತೆ ಹೇಳಿ, ಮತ್ತೆ ಮಾಡಿಸಿ.

ಕಾಲಿನ ವ್ಯಾಯಾಮ ಚಿಕ್ಕದು: ಪಾದ ಮೇಲೆ ಕೆಳಗೆ ಆಡಿಸುವುದು, ಮೀನಖಂಡದ ರಕ್ತ ನಿಂತು ಹೆಪ್ಪುಗಟ್ಟದಿರಲಿ ಅಂತ.

ನೋವಿನ ಅಳತೆ 0ಯಿಂದ 10. ನೋವು ತಾಳಲಾರದಷ್ಟು ಆಗುವವರೆಗೆ ಕಾಯದೆ ಮೊದಲೇ ಹೇಳಿ ಅಂತ ತಿಳಿಸಿ. ನೋವು ನುಂಗಿಕೊಂಡು ಮಲಗಿದವರು ಆಳವಾಗಿ ಉಸಿರೆಳೆಯುವುದಿಲ್ಲ, ಕೆಮ್ಮುವುದಿಲ್ಲ, ಏಳುವುದೂ ಇಲ್ಲ.